ಹುಡುಗನ ವಯಸ್ಸನ್ನು ಬರೆಯುವವರು ಯಾರು?

ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ ತಾಯಿಯೊಬ್ಬಳನ್ನು "ನಿನ್ನ ಮಗ ಹುಟ್ಟಿದ್ದು ಯಾವಾಗವ್ವಾ?" ಎಂದು ಕೇಳಿ ನೋಡಿ. "ನೆರಿ ಬಂದ ವರ್ಸರೀ, ಬಿಳಿಜ್ವಾಳ ಬಿತ್ತೋ ಮುಂದ" ಎಂದು ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಆ ನೆರೆ ಬಂದದ್ದು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ. ತಾಯಿಯ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದೇ ಮಗನ ಹೆಸರನ್ನು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಕಿದರೆ ಜೂನ್ 1 ಎಂದು ಬರೆದಿರುವ ಸಂಭವ ಉಂಟು. ಹುಟ್ಟಿದ ದಿನ ಹೇಳಲು ಬಾರದ ಮಕ್ಕಳಿಗೆಲ್ಲ ಶಾಲೆ ತೆರೆಯುವ ತಿಂಗಳ ಮೊದಲ ದಿನವನ್ನೇ ಹಾಕಿಬಿಡುವುದು ಮಾಸ್ತರರ ಹಳೆಯ ರೂಢಿ. ವಾಚಕರೇ, ತಮ್ಮ ಮನೆಯ ಹಿರಿಯರಲ್ಲಿಯೂ ಜೂನ್ ಒಂದರಂದು ಹುಟ್ಟಿದವರು ಇಬ್ಬರಾದರೂ ಇದ್ದಾರು! ಇದು ನಗುವ ಮಾತೇ. ಹುಡುಗ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರೆಗೆ ಮಾತ್ರ.

ಊರಿನಲ್ಲಿ ಕಳವೋ ಹೊಡೆದಾಟವೋ ನಡೆದು ಹುಡುಗನೊಬ್ಬನ ಹೆಸರು ಕೇಳಿಬಂದರೆ, ರಾಯಚೂರಿನ ತೀನ್ ಕಂದೀಲ್ ಬಳಿಯಾಗಲಿ, ಮಾನ್ವಿಯ ಚಹದಂಗಡಿಯಲ್ಲಾಗಲಿ ಎರಡು ಪಕ್ಷಗಳಾಗುತ್ತವೆ. "ಹದಿನಾರು ತುಂಬಿದವನಿಗೆ ಬುದ್ಧಿ ಇಲ್ಲವೇ? ದೊಡ್ಡವರ ಹಾಗೆಯೇ ಜೈಲಿಗೆ ಹಾಕಲಿ" ಎನ್ನುವವರು ಒಂದು ಕಡೆ. "ಹುಡುಗು ಬುದ್ಧಿ, ನಾಲ್ಕು ಮಾತು ಹೇಳಿ ಬಿಟ್ಟುಬಿಡಲಿ" ಎನ್ನುವವರು ಇನ್ನೊಂದು ಕಡೆ. ಪುರಸಭೆಯವರೂ ಪಂಚಾಯತಿಯವರೂ ಈ ಚರ್ಚೆಯಲ್ಲಿ ಹಿಂದೆ ಬೀಳುವವರಲ್ಲ. ಕೊನೆಗೆ ಎಲ್ಲರೂ "ಅದು ಕೋರ್ಟಿನ ಕೆಲಸ" ಎಂದು ಎದ್ದು ಹೋಗುವುದು ವಾಡಿಕೆ. ಅದು ಪೂರಾ ಕೋರ್ಟಿನ ಕೆಲಸವಲ್ಲ ಎಂಬುದೇ ನಾನಿಲ್ಲಿ ತಮ್ಮ ಮುಂದಿಡಬೇಕೆಂದಿರುವ ಮಾತು.

ಈ ಕಾನೂನು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1951ರಲ್ಲಿ, ಅಲ್ಲಿ ಮಕ್ಕಳ ಕಾಯಿದೆ ಬಂದಿತ್ತು. ಮೈಸೂರಿನದು 1943ರದು, ಮುಂಬಯಿಯದು 1948ರದು, ಮದರಾಸಿನದು ಎಲ್ಲಕ್ಕೂ ಹಿಂದಿನ 1920ರದು. 1956ರಲ್ಲಿ ನಾಡು ಒಂದಾಯಿತು, ಕಾಯಿದೆಗಳು ಮಾತ್ರ ಹಾಗೆಯೇ ಉಳಿದವು. ಅವನ್ನು ಒಂದು ಮಾಡಿದ್ದು 1964ರ ಕಾಯಿದೆ. 1986ರಲ್ಲಿ ಸಂಸತ್ತಿನ ಬಾಲನ್ಯಾಯ ಕಾಯಿದೆ ಬಂದಾಗ ಹುಡುಗನಿಗೆ 16, ಹುಡುಗಿಗೆ 18 ಎಂದು ಗೆರೆ ಎಳೆದರು. 2000ದಲ್ಲಿ ಇಬ್ಬರಿಗೂ 18 ಆಯಿತು. ಅನಂತರ 2012ರ ಡಿಸೆಂಬರ್ ತಿಂಗಳ ದೆಹಲಿಯ ಅಮಾನುಷ ಕೃತ್ಯದಲ್ಲಿ ಆರೋಪಿಗಳ ಪೈಕಿ ಒಬ್ಬನಿಗೆ 18 ತುಂಬಿರಲಿಲ್ಲವೆಂದು ದೇಶವೆಲ್ಲ ಕುದಿಯಿತು. ಅದರ ಬೆನ್ನಲ್ಲೇ ಬಂದ 2015ರ ಕಾಯಿದೆ, 2016ರ ಜನವರಿ 15ರಿಂದ ಜಾರಿಯಲ್ಲಿದೆ.

ಅದು ಹೇಳುವುದಿಷ್ಟು. 18 ತುಂಬದವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಸೇವಕರು. ಇವರಿಬ್ಬರಲ್ಲಿ ಒಬ್ಬರಾದರೂ ಮಹಿಳೆ. ತಪ್ಪು ಕಂಡುಬಂದರೆ ಬುದ್ಧಿ ಹೇಳಿ ಮನೆಗೆ ಕಳುಹಿಸುವುದರಿಂದ ಹಿಡಿದು ಮೂರು ವರ್ಷ ವಿಶೇಷ ಗೃಹದಲ್ಲಿಡುವವರೆಗೆ ಹಲವು ದಾರಿಗಳಿವೆ. ಆದರೆ ಹುಡುಗನಿಗೆ 16 ತುಂಬಿದ್ದು, ಅಪರಾಧ ಕನಿಷ್ಠ ಏಳು ವರ್ಷ ಶಿಕ್ಷೆಯ ಘೋರ ಬಗೆಯದಾದರೆ, ಅವನ ಮನಸ್ಸು ಮಾಗಿದೆಯೇ, ಮಾಡಿದ್ದರ ಪರಿಣಾಮ ಅವನಿಗೆ ತಿಳಿದಿತ್ತೇ ಎಂದು ಮಂಡಳಿ ತೂಗಿ ನೋಡಿ, ದೊಡ್ಡವನಂತೆ ವಿಚಾರಣೆಯಾಗಲೆಂದು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಈ ತೂಕ ಸುಲಭದ್ದಲ್ಲವೆಂದೂ ಮನಶ್ಶಾಸ್ತ್ರ ಬಲ್ಲವರ ನೆರವು ಬೇಕೆಂದೂ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಘೋರವೆಂದರೆ ಕೊಲೆ, ದರೋಡೆ ಎಂದಷ್ಟೇ ತಿಳಿಯಬೇಡಿ. ಹದಿನೇಳರ ಹುಡುಗ ಹದಿನಾರರ ಹುಡುಗಿಯೊಡನೆ, ಅವಳ ಮನಸ್ಸು ಕೂಡಿಯೇ, ಊರು ಬಿಟ್ಟು ಓಡಿಹೋಗಿ ಸಂಸಾರ ಹೂಡಿದರೂ ಪೋಕ್ಸೊ ಕಾಯಿದೆಯ ಲೆಕ್ಕದಲ್ಲಿ ಅದು ಇದೇ ಸಾಲಿಗೆ ಸೇರುತ್ತದೆ. ಹುಡುಗಿಯರಿಗೆ ಬೇಗ ಮದುವೆ ಮಾಡುವ ಪದ್ಧತಿ ಇನ್ನೂ ಅಳಿಯದ ನಮ್ಮ ಜಿಲ್ಲೆಯಲ್ಲಿ ಇದನ್ನು ಯೋಚಿಸಿ ನೋಡಬೇಕು.

ಹೀಗೆ ಹದಿನಾರು, ಹದಿನೆಂಟು ಎಂಬ ಎರಡು ಗೆರೆಗಳ ಮೇಲೆ ಹುಡುಗನ ಮುಂದಿನ ಬಾಳೆಲ್ಲ ತೂಗುತ್ತದೆ. ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸು. ಅದನ್ನು ತೀರ್ಮಾನಿಸುವುದು ಹೇಗೆ? ಕಾಯಿದೆ ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕ ಪತ್ರವನ್ನು ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು. ಅದು ಇಲ್ಲದಿದ್ದರೆ ನಗರಪಾಲಿಕೆ, ಪುರಸಭೆ ಅಥವಾ ಪಂಚಾಯತಿ ಕೊಟ್ಟ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ಎಲುಬಿನ ಎಕ್ಸ್-ರೇ ಮೊದಲಾದ ವೈದ್ಯಕೀಯ ಪರೀಕ್ಷೆ. ಆ ಪರೀಕ್ಷೆಯಾದರೋ ವರ್ಷ ಎರಡು ವರ್ಷ ಆಚೀಚೆಯಾಗುವಂಥದು.

ನೆರೆಯ ವರ್ಷದ ಹುಡುಗನ ಮಾತಿಗೆ ಮರಳೋಣ. ಅವನು ನಿಜವಾಗಿ ಹುಟ್ಟಿದ್ದು 2009ರ ಅಕ್ಟೋಬರಿನಲ್ಲಿ. ಪುಸ್ತಕದಲ್ಲಿರುವುದು ಆ ವರ್ಷದ ಜೂನ್ 1. 2025ರ ಆಗಸ್ಟಿನಲ್ಲಿ ಅವನು ಒಂದು ಪ್ರಕರಣಕ್ಕೆ ಸಿಕ್ಕಿದನೆಂದು ಇಟ್ಟುಕೊಳ್ಳಿ. ತಾಯಿಯ ಲೆಕ್ಕಕ್ಕೆ 16 ತುಂಬಿಲ್ಲ, ಪುಸ್ತಕದ ಲೆಕ್ಕಕ್ಕೆ ತುಂಬಿ ಎರಡು ತಿಂಗಳಾಗಿದೆ. ಒಂದನೆಯ ತರಗತಿಗೆ ವಯಸ್ಸು ಸಾಲದೆಂದು ವರ್ಷವನ್ನೇ ಹಿಂದಕ್ಕೆ ಹಾಕಿದ್ದರಂತೂ ಅಂತರ ಇನ್ನೂ ಹೆಚ್ಚು. ಗುಳೆ ಹೋಗುವ ಮನೆಗಳಲ್ಲಿ ತೊಡಕು ಇಮ್ಮಡಿ. ದೇವದುರ್ಗದ ತಾಂಡಾ, ದೊಡ್ಡಿಗಳಿಂದ ಅಪ್ಪ ಅಮ್ಮನೊಡನೆ ಬೆಂಗಳೂರಿಗೆ ಹೋದ ಹುಡುಗ ಎರಡು ವರ್ಷದ ಮೇಲೆ ಬಂದು ಬೇರೆ ಶಾಲೆಗೆ ಸೇರಿದರೆ, ಅಲ್ಲಿ ಇನ್ನೊಂದು ದಿನಾಂಕ ಬಿದ್ದರೂ ಬಿದ್ದೀತು. ಹತ್ತಿ ಬಿಡಿಸುವ ಕಾಲಕ್ಕೆ ಗೂಡ್ಸ್ ಗಾಡಿಯಲ್ಲಿ ಹೊಲಕ್ಕೆ ಹೋಗುವ ಮಕ್ಕಳ ಹಾಜರಿಯ ಕಥೆಯೂ ಇದಕ್ಕಿಂತ ಬೇರೆಯಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ನೂರಕ್ಕೆ 60ನ್ನೂ ಮುಟ್ಟಿರಲಿಲ್ಲ. ಹೆಂಗಸರದು 49ರ ಒಳಗೆ. ಓದು ಬಾರದ ತಾಯಿ ಪುಸ್ತಕದ ತಪ್ಪನ್ನು ಕಂಡುಹಿಡಿಯುವುದಾದರೂ ಹೇಗೆ?

ದಿನಾಂಕ ಬರೆಯುವ ಈ ಕೈಗಳೆಲ್ಲ ಊರಿನವೇ, ಕೋರ್ಟಿನವಲ್ಲ. ಶಾಲೆಯ ಮುಖ್ಯೋಪಾಧ್ಯಾಯರು, ಜನನ ನೋಂದಣಿ ಮಾಡುವವರು, ಇವರ ಕೆಲಸವನ್ನು ಕೇಳಬಹುದಾದ ಪಂಚಾಯತಿ, ಪುರಸಭೆ. ಹುಡುಗರು ಕೆಟ್ಟರೆಂದು ಸಭೆಯಲ್ಲಿ ಮೇಜು ಗುದ್ದುವುದಕ್ಕಿಂತ, ಎಂಟನೆಯ ತರಗತಿಯ ಮಕ್ಕಳ ಶಾಲಾ ದಿನಾಂಕವನ್ನೂ ಜನನ ಪತ್ರವನ್ನೂ ಎದುರುಬದುರು ಇಟ್ಟು ನೋಡುವುದು ಹೆಚ್ಚು ಪ್ರಯೋಜನದ್ದೆಂದು ನನಗೆ ತೋರುತ್ತದೆ. ಎಸ್ಸೆಸ್ಸೆಲ್ಸಿ ದಾಟಿದ ಮೇಲೆ ತಿದ್ದಿಸುವುದು ಬಲು ಕಷ್ಟ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ 2006ರಿಂದ ಮಕ್ಕಳ ಗ್ರಾಮಸಭೆಯ ಪದ್ಧತಿ ಬಂದಿದೆ. ಅಲ್ಲಿ ಶೌಚಾಲಯ, ಕುಡಿಯುವ ನೀರಿನ ಜೊತೆಗೆ ಇದನ್ನೂ ಕೇಳಬಹುದಲ್ಲವೇ?

ಇನ್ನು ಕೆಟ್ಟ ಹುಡುಗರ ಸಂಖ್ಯೆಯ ಭಯ. ದೇಶದ ಅಪರಾಧ ಲೆಕ್ಕದ ಪ್ರಕಾರ 2022ರಲ್ಲಿ ಮಕ್ಕಳ ಮೇಲೆ ದಾಖಲಾದ ಪ್ರಕರಣಗಳು ಸುಮಾರು 30 ಸಾವಿರ. ಒಟ್ಟು ಪ್ರಕರಣಗಳು 58 ಲಕ್ಷ. ನೂರಕ್ಕೆ ಒಂದೂ ಬೀಳಲಿಲ್ಲ. ಸಿಕ್ಕ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚಿನವರು ಮಾತ್ರ 16ರಿಂದ 18ರ ನಡುವಿನವರು, ಎಂದರೆ ದಿನಾಂಕದ ತಪ್ಪು ಕುತ್ತಿಗೆಗೆ ಬರುವ ವಯಸ್ಸಿನವರೇ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು ಜನನ ಪತ್ರವೇ ಆಧಾರವೆಂದು ಕಾನೂನಾಗಿದೆ. ಆದ್ದರಿಂದ ಜೂನ್ ಒಂದರ ಸಂತತಿ ಮೆಲ್ಲಮೆಲ್ಲನೆ ಮುಗಿಯುತ್ತದೆ. ಹೆರಿಗೆಯಾದ 21 ದಿನದೊಳಗೆ ನೋಂದಾಯಿಸಿದರೆ ತಡದ ಶುಲ್ಕವಿಲ್ಲ. ವರ್ಷ ಕಳೆದರೆ ಮಾತ್ರ ಉಪವಿಭಾಗಾಧಿಕಾರಿಗಳಂಥ ದಂಡಾಧಿಕಾರಿಗಳ ಆದೇಶ ತರಬೇಕು, ಕೂಲಿಯವರಿಗೆ ಅದು ಎರಡು ಮೂರು ದಿನದ ಕೂಲಿ ಕಳೆಯುವ ಮಾತು. ತಮ್ಮ ಮನೆಗೆಲಸದವಳ ಮಗನಿಗೆ ಈಗ ಹದಿಮೂರೋ ಹದಿನಾಲ್ಕೋ ಇದ್ದರೆ, ಅವನ ಶಾಲೆಯ ಪತ್ರವನ್ನೊಮ್ಮೆ ತರಿಸಿ ಆ ತಾಯಿಗೆ ಓದಿ ಹೇಳಿ.