ಬಡಗುತಿಟ್ಟಿನ ಭಾಗವತಿಕೆಯಲ್ಲಿ ನಾದದ ಮಾರ್ಪಾಡು

ಕರಾವಳಿಯ ಯಕ್ಷಗಾನದಲ್ಲಿ ಭಾಗವತರ ಹಾಡುಗಾರಿಕೆಯು ಕಳೆದ ಅರ್ಧ ಶತಮಾನದೊಳಗೆ ಬಹುವಾಗಿ ಮಾರ್ಪಟ್ಟಿತೆಂಬ ವಿಷಯದಲ್ಲಿ ಅಭಿಮಾನಿಗಳೊಳಗೆ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿರುವುದು ಆ ಮಾರ್ಪಾಡಿನ ಬೆಲೆಯನ್ನು ಕಟ್ಟುವಲ್ಲಿ. ಇದು ಏಳಿಗೆಯೆಂದು ಒಂದು ಪಕ್ಷದವರೂ, ಅವನತಿಯೆಂದು ಇನ್ನೊಂದು ಪಕ್ಷದವರೂ, ಚೌಕಿಯ ಹಿಂದೆ, ದೇವಸ್ಥಾನದ ಜಗಲಿಯಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ವಾದಿಸುತ್ತ ಬಂದಿದ್ದಾರೆ. ವಾದವು ದೀರ್ಘವಾದುದಕ್ಕೆ ಕಾರಣ ವಾದಿಗಳ ಹಟವಷ್ಟೇ ಅಲ್ಲ. ಹಲವು ಬೇರೆಬೇರೆ ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದೂ ಒಂದು ಕಾರಣ. ಅವನ್ನು ಸಾಧ್ಯವಾದಮಟ್ಟಿಗೆ ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಸಂಗೀತಜ್ಞರಿಗಿಂತಲೂ ಸಾಹಿತ್ಯವನ್ನು ಬೋಧಿಸುವವರಿಗೆ ಈ ವಿಚಾರವು ಹೆಚ್ಚು ಸಂಬಂಧಿಸಿದ್ದೆಂಬುದು ಮುಂದೆ ತಿಳಿದುಬರುವುದು.

ಬಾರಕೂರು ಸೀಮೆಯನ್ನು ಈ ವಿಚಾರಕ್ಕೆ ಕೇಂದ್ರವಾಗಿ ಎತ್ತಿಕೊಳ್ಳುವುದು ಉಚಿತವಾಗಿದೆ. ಆಳುಪರ ರಾಜಧಾನಿಯಾಗಿದ್ದು, ಬಳಿಕ ವಿಜಯನಗರದರಸರ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯಸ್ಥಾನವೆನಿಸಿದ ಈ ಊರಿನ ಸುತ್ತಮುತ್ತ, ಒಂದು ದಿನದ ಕಾಲ್ನಡೆಯೊಳಗೆ, ಬಡಗುತಿಟ್ಟಿನ ಹೆಸರಾಂತ ಸ್ಥಳಗಳೆಲ್ಲ ಸಿಕ್ಕುತ್ತವೆ. ಹಾರಾಡಿ, ಮಟಪಾಡಿ ಎಂಬೆರಡು ಕುಣಿತದ ತಿಟ್ಟುಗಳು ಇಲ್ಲಿಯ ಹಳ್ಳಿಗಳ ಹೆಸರನ್ನೇ ಹೊತ್ತವು. ಮಂದಾರ್ತಿಯ ಅಮ್ಮನವರ ಹರಕೆಯ ಆಟಗಳು ಇಲ್ಲಿಯ ಮನೆಮನೆಗೂ ಸೇರಿದವು. ನೀಲಾವರ, ಹಂಗಾರಕಟ್ಟೆ, ಸಾಲಿಗ್ರಾಮ, ಗುಂಡ್ಮಿ, ಕೋಟ ಇವೆಲ್ಲ ಒಂದೇ ಬಳಸಿನಲ್ಲಿವೆ. ಆದಕಾರಣ ಇಲ್ಲಿಯ ಪ್ರೇಕ್ಷಕನು ಭಾಗವತರೊಬ್ಬರ ಪದ್ಯವನ್ನು ಕೇಳಿ ‘ಇದು ಯಾರ ಶಿಷ್ಯ’ ಎಂದು ಹೇಳಬಲ್ಲವನು; ಅವನ ಮೆಚ್ಚುಗೆಯೂ ಮುನಿಸೂ ತಿಳಿದು ಮಾಡಿದವು.

ಭಾಗವತನು ಕೇವಲ ಗಾಯಕನಲ್ಲ. ಮೇಳದ ಸಂಪ್ರದಾಯದಲ್ಲಿ ಅವನು ಮೊದಲನೆಯ ವೇಷವೆನಿಸಿಕೊಳ್ಳುತ್ತಾನೆ. ಆಟದ ಸೂತ್ರವು ಅವನ ಕೈತಾಳದಲ್ಲಿದೆ. ಪ್ರಸಂಗದ ಪದ್ಯವನ್ನು ಅವನು ಎತ್ತಿದ ಮೇಲೆಯೇ ವೇಷಧಾರಿಯು ಕುಣಿಯತಕ್ಕದ್ದು, ಪದ್ಯ ಮುಗಿದ ಮೇಲೆಯೇ ಅದರ ಅರ್ಥವನ್ನು ವಿಸ್ತರಿಸಿ ಮಾತಾಡತಕ್ಕದ್ದು. ಪ್ರಸಂಗಗಳ ಓಲೆಗರಿಗಳಲ್ಲಿಯೂ ಅಚ್ಚಾದ ಪುಸ್ತಕಗಳಲ್ಲಿಯೂ ಒಂದೊಂದು ಪದ್ಯದ ನೆತ್ತಿಯ ಮೇಲೆ ರಾಗ ತಾಳಗಳ ಹೆಸರು ಬರೆದಿರುವುದನ್ನು ವಾಚಕರು ಕಂಡಿರುವರು. ಕಾಂಬೋಧಿ, ಸೌರಾಷ್ಟ್ರ, ಮಧ್ಯಮಾವತಿ ಮೊದಲಾದ ಪರಿಚಿತ ನಾಮಗಳೊಡನೆ ಕೋರೆ, ಗೋಪನೀತೆ, ದ್ವಿಜಾವಂತಿ ಮುಂತಾದ ವಿಶೇಷ ನಾಮಗಳೂ ಅಲ್ಲಿವೆ. ಆದರೆ ಪದ್ಯಕ್ಕೆ ನಿಜವಾದ ಆಕಾರವನ್ನು ಕೊಡುವುದು ಅದರ ಮಟ್ಟು. ಮಟ್ಟೆಂದರೆ ಮಾತ್ರಾಗಣಗಳ ಒಂದು ಕಟ್ಟು. ಆ ಕಟ್ಟಿಗೆ ಹೊಂದಿದ ತಾಳ. ಆ ತಾಳದ ಮೇಲೆ ಕೂತ ಧಾಟಿ. ಐದು ಮಾತ್ರೆಯ ಗಣಗಳಿಂದ ನಡೆವ ಪದ್ಯಕ್ಕೆ ಝಂಪೆ, ಮೂರು ನಾಲ್ಕರ ನಡೆಗೆ ತ್ರಿವುಡೆ, ಹೀಗೆ ಛಂದಸ್ಸೂ ತಾಳವೂ ಬೆಸೆದುಕೊಂಡಿವೆ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ತರಗತಿಯಲ್ಲಿ ಬರಿಯ ಓದಾಗಿ ಓದಿದರೆ ಅವು ಸಪ್ಪೆಯೆಂದು ತೋರುವುದಕ್ಕೆ ಕಾರಣ ಈ ಬೆಸುಗೆಯು ಕಿತ್ತುಹೋಗುವುದೇ.

ಇನ್ನು ಹಳೆಯ ಕಂಠವು ಎಂಥದಾಗಿತ್ತೆಂಬುದನ್ನು ನೋಡೋಣ. ಗದ್ದೆಯ ಬಯಲಿನಲ್ಲಿ, ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಎದುರಿಗೆ ನೂರಾರು ಜನರನ್ನು ಕೂರಿಸಿಕೊಂಡು, ಪಕ್ಕದಲ್ಲಿ ಚಂಡೆಯ ಪೆಟ್ಟನ್ನು ಇಟ್ಟುಕೊಂಡು, ರಾತ್ರಿಯಿಂದ ಬೆಳಗಿನವರೆಗೆ ಹಾಡಬೇಕಾದವನು ಏರಿದ ಶ್ರುತಿಯಲ್ಲಿ, ತೆರೆದ ಗಂಟಲಿನಲ್ಲಿ ಹಾಡದೆ ಗತ್ಯಂತರವಿರಲಿಲ್ಲ. ಶ್ರುತಿಗೆ ಪುಂಗಿ. ಗಮಕದ ಸೂಕ್ಷ್ಮಗಳು ಹತ್ತು ಮಾರು ಆಚೆಗೆ ಕೇಳಿಸುವಂತಿರಲಿಲ್ಲವಾದುದರಿಂದ ಅವನ್ನು ಅಭ್ಯಾಸಮಾಡಬೇಕಾದ ಅವಶ್ಯವೂ ಇರಲಿಲ್ಲ. ಅಕ್ಷರವನ್ನು ಒಡೆದು, ಗಣದ ಸಂಧಿಯಲ್ಲಿ ಒತ್ತುಕೊಟ್ಟು, ಮಾತು ಜನರ ಕಿವಿಯನ್ನು ತಲುಪುವಂತೆ ಎಸೆಯುವುದೇ ಹಾಡುಗಾರಿಕೆಯ ಮುಖ್ಯ ಗುಣವಾಗಿತ್ತು. ಯಕ್ಷಗಾನವನ್ನು ಜನರು ‘ಗಂಡುಕಲೆ’ಯೆಂದು ಕರೆದುದು ವೇಷ ಕುಣಿತಗಳನ್ನು ಮಾತ್ರ ನೋಡಿ ಅಲ್ಲ, ಈ ದನಿಯನ್ನು ಕೇಳಿಯೂ ಹೌದು.

ಧ್ವನಿವರ್ಧಕವು ಬಂದೊಡನೆ ಈ ಸ್ಥಿತಿಯು ಬುಡಸಹಿತ ಬದಲಾಯಿತು. ನಮ್ಮ ಮತದಲ್ಲಿ ಇಡೀ ವಿವಾದದ ಮೂಲವು ಇಲ್ಲಿದೆ; ವ್ಯಕ್ತಿಗಳಲ್ಲಿ ಅಲ್ಲ. ಪುಂಗಿಯ ಸ್ಥಾನಕ್ಕೆ ಹಾರ್ಮೋನಿಯಮ್ಮಿನ ಶ್ರುತಿಯು ಬಂದಿತು. ಟಿಕೇಟಿನ ಡೇರೆ ಮೇಳಗಳು ಹುಟ್ಟಿ, ಪ್ರೇಕ್ಷಕನನ್ನು ಒಲಿಸಿಕೊಳ್ಳುವುದು ಮೇಳದ ಯಜಮಾನನಿಗೆ ಅನಿವಾರ್ಯವಾಯಿತು. ಮೆಲ್ಲನೆ ಹಾಡಿದುದೂ ಡೇರೆಯ ಕಡೆಯ ಸಾಲಿಗೆ ಕೇಳುವಂತಾದಮೇಲೆ, ಮೆಲ್ಲನೆ ಹಾಡಬಲ್ಲ ಕಂಠಕ್ಕೆ ಮೊತ್ತಮೊದಲಬಾರಿಗೆ ರಂಗದಲ್ಲಿ ಎಡೆ ದೊರೆಯಿತು.

ಈ ಎಡೆಯನ್ನು ತುಂಬಿದವರು ಗುಂಡ್ಮಿ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿ 1990ರ ಮೇ ತಿಂಗಳಲ್ಲಿ ರಸ್ತೆಯ ಅಪಘಾತದಿಂದ ಮಡಿದ ಇವರಿಗೆ ಮೂವತ್ತೆರಡು ವರ್ಷ ತುಂಬಿರಲಿಲ್ಲ. ಗುರುಗಳು ನಾರ್ಣಪ್ಪ ಉಪ್ಪೂರರು. ಅಂದರೆ ಹಳೆಯ ಕಟ್ಟಿನ ಭಾಗವತಿಕೆಯಲ್ಲಿ ಪ್ರಮಾಣಪುರುಷರೆನಿಸಿದವರು. ಆದುದರಿಂದ ಶಿಷ್ಯನು ಸಂಪ್ರದಾಯವನ್ನು ಅರಿಯದೆ ಮೀರಿದನೆಂಬ ಆಕ್ಷೇಪಕ್ಕೆ ಆಧಾರವಿಲ್ಲ. ಸಾಲಿಗ್ರಾಮ ಮೇಳದ ಡೇರೆಗಳಲ್ಲಿ ನಾವಡರು ಹಾಡಿದಾಗ ಹಿಂದೂಸ್ಥಾನೀ ರಾಗಗಳ ಛಾಯೆಯೂ ಭಾವಗೀತದ ಇಂಪೂ ಪದ್ಯದೊಳಕ್ಕೆ ಬಂದುವು. ಜನರು ಅವರನ್ನು ‘ಕರಾವಳಿ ಕೋಗಿಲೆ’ಯೆಂದರು. ಈ ಬಿರುದನ್ನು ತುಸು ನಿಂತು ಗಮನಿಸಬೇಕು. ಗಂಡುಕಲೆಯ ಮೊದಲನೆಯ ವೇಷವನ್ನು ಕೋಗಿಲೆಗೆ ಹೋಲಿಸಿದುದರಲ್ಲಿಯೇ ಕೇಳುಗರ ಕಿವಿಯು ಎಷ್ಟು ದೂರ ಸಾಗಿತ್ತೆಂಬುದು ವ್ಯಕ್ತವಾಗುತ್ತದೆ. ಅದೇ ಕಾಲದಲ್ಲಿ ಧ್ವನಿಸುರುಳಿಗಳು ಹಳ್ಳಿಹಳ್ಳಿಗೂ ಹರಡಿದುವು. ಆಟವನ್ನು ಕಾಣದವರೂ ಹಾಡನ್ನು ಕೇಳಿದರು.

ವಿರೋಧಪಕ್ಷದವರ ವಾದವನ್ನು ನ್ಯಾಯವಾಗಿ ಹೇಳಬೇಕಾದರೆ ಅದು ಎರಡು ತೆರನಾದದ್ದು. ಯಕ್ಷಗಾನಕ್ಕೆ ತನ್ನದೇ ಆದ ರಾಗಪದ್ಧತಿಯುಂಟು, ಹೊರಗಿನ ರಾಗಗಳನ್ನು ತಂದರೆ ಅದು ಕೆಡುತ್ತದೆಂಬುದು ಒಂದು. ಈ ಮಾತು ಕೇಳುವುದಕ್ಕೆ ಗಂಭೀರವಾಗಿದ್ದರೂ ದುರ್ಬಲವಾದುದು. ಹೇಗೆಂದರೆ, ಆ ಸ್ವಂತ ರಾಗಗಳಲ್ಲಿ ಬಹುಭಾಗವು ನಾವಡರು ಹುಟ್ಟುವ ಮೊದಲೇ ಹಾಡುವವರ ಬಾಯಿಂದ ಜಾರಿಹೋಗಿದ್ದವು. ಹಳೆಯ ಪ್ರತಿಗಳಲ್ಲಿ ಕಾಣುವ ರಾಗನಾಮಗಳನ್ನು ಪಟ್ಟಿಮಾಡಿ, ವೃದ್ಧ ಭಾಗವತರಿಂದ ಧಾಟಿಗಳನ್ನು ಕೇಳಿ, ಹೆಸರು ಉಳಿದು ಧಾಟಿ ಅಳಿದುದನ್ನು ತೋರಿಸಿಕೊಟ್ಟವರು ಕೋಟದ ಶಿವರಾಮ ಕಾರಂತರೇ. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವು ದೊರೆತುದು ಎಲ್ಲರಿಗೂ ತಿಳಿದಿದೆ. ಕಳೆದುಹೋದ ಒಡವೆಯನ್ನು ನಾವಡರು ಕದ್ದರೆಂದು ದೂರುವುದು ಸರಿಯಲ್ಲ.

ಎರಡನೆಯ ಆಕ್ಷೇಪವು ಇಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಪದ್ಯದ ಒಂದು ಸಾಲನ್ನು ಹಿಡಿದು ಸ್ವರವನ್ನು ಎಳೆಯುತ್ತ ಹೋದರೆ ಗಣದ ಕಟ್ಟು ಮಸುಕಾಗುತ್ತದೆ. ವೇಷಧಾರಿಯು ಹೆಜ್ಜೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕಾಯಬೇಕಾಗುತ್ತದೆ. ರಂಗದ ದೃಷ್ಟಿಯು ವೇಷದಿಂದ ಹಿಮ್ಮೇಳಕ್ಕೆ ತಿರುಗುತ್ತದೆ. ಯುದ್ಧದ ಏರುಪದ್ಯದಲ್ಲಿ ಇದು ಎದ್ದುಕಾಣುವ ದೋಷ. ಆದರೆ ಇಲ್ಲಿಯೂ ಒಂದು ಭೇದವನ್ನು ಮಾಡಬೇಕಾಗಿದೆ. ಭಾಮಿನಿ, ವಾರ್ಧಕ, ಕಂದ, ವೃತ್ತಗಳನ್ನು ಸಾಮಾನ್ಯವಾಗಿ ತಾಳವಿಲ್ಲದೆ ಹಾಡುವುದು ಹಳೆಯ ವಾಡಿಕೆಯೇ. ಅಲ್ಲಿ ರಾಗವಿಸ್ತಾರಕ್ಕೆ ಪೂರ್ವಿಕರೂ ಎಡೆಗೊಟ್ಟಿದ್ದರು. ನಾವಡರಂಥವರು ಅಲ್ಲಿ ಮಾಡಿದುದು ಇದ್ದ ಕಿಟಕಿಯನ್ನು ಅಗಲಿಸಿದ್ದಷ್ಟೇ. ಕರುಣದ ಸನ್ನಿವೇಶಗಳಲ್ಲಿ ಅವರ ಹಾಡಿನಿಂದ ಪದದ ಅರ್ಥವು ಮಸುಕಾಗಲಿಲ್ಲ, ಬೆಳಗಿತು; ಅವರ ಅಕ್ಷರಶುದ್ಧಿಯನ್ನು ಎದುರಾಳಿಗಳೂ ಅಲ್ಲಗಳೆದವರಲ್ಲ. ಬಿಗಿತಾಳದ ಪದ್ಯಗಳಿಗೂ ಅದೇ ರೀತಿಯನ್ನು ಹಚ್ಚಿದುದು, ಅದಕ್ಕಿಂತಲೂ ಮುಖ್ಯವಾಗಿ, ಅವರ ಪ್ರತಿಭೆಯಿಲ್ಲದ ಅನುಕರಣಕಾರರು ಎಳೆತವನ್ನೇ ಕಲೆಯೆಂದು ತಿಳಿದುದು, ದೂರಿಗೆ ನಿಜವಾದ ಎಡೆಯನ್ನು ಮಾಡಿಕೊಟ್ಟಿತು.

ಇಂದಿನ ಸಂಪ್ರದಾಯವು ನಿನ್ನೆಯ ಹೊಸತನವಾಗಿತ್ತೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಡಗಿನ ಹಿಮ್ಮೇಳದಲ್ಲಿ ಏರುಮದ್ದಳೆಯ ಬಳಕೆಯನ್ನು ರೂಢಿಗೆ ತಂದವರೆಂದು ಪ್ರಸಿದ್ಧರಾದವರು ಹಿರಿಯಡಕ ಗೋಪಾಲರಾಯರು. 1919ರಲ್ಲಿ ಜನಿಸಿದ ಅವರು ನೂರು ವರ್ಷ ಮೀರಿ ಬದುಕಿ 2020ರಲ್ಲಿ ತೀರಿಕೊಂಡರು. ಶ್ರುತಿಯನ್ನು ಏರಿಸಿ ಕಟ್ಟಿದ ಮದ್ದಳೆಯ ಆ ನಾದವನ್ನೇ ಇಂದಿನ ಸಂಪ್ರದಾಯವಾದಿಯು ‘ಹಳೆಯ ಹಿಮ್ಮೇಳ’ವೆಂದು ಹಂಬಲಿಸುತ್ತಾನೆ. ಒಂದು ಮನುಷ್ಯಾಯುಷ್ಯದೊಳಗೇ ಹೊಸದು ಹಳೆಯದಾಗಿ, ಹಳೆಯದು ಪೂಜ್ಯವಾದ ಪರಿಯಿದು.

ಕಾರಂತರ ಸಂಗತಿಯು ಇನ್ನೂ ವಿಚಿತ್ರವಾದುದು. ವಾಣಿಜ್ಯದ ಮೇಳಗಳು ವೇಷಭೂಷಣವನ್ನು ಕೆಡಿಸಿದುವೆಂದು ಅವರಷ್ಟು ಕಟುವಾಗಿ ಖಂಡಿಸಿದವರು ವಿರಳ. ಹಾಗಿದ್ದೂ ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಮಾತನ್ನು ತೆಗೆದು, ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ಕೂಡಿಸಿದವರು ಅವರೇ. ಹಾಡಿದವರಲ್ಲಿ ನೀಲಾವರದ ರಾಮಕೃಷ್ಣಯ್ಯನವರು ಪ್ರಮುಖರು. ಇದರ ಮೇಲೂ ಆಕ್ಷೇಪಗಳು ಎದ್ದುವು. ಕಾರಂತರ ಸಮರ್ಥನೆಯ ತಿರುಳು ಇದು: ಭಾವವನ್ನು ನಾದದಿಂದ ಹಬ್ಬಿಸುವುದಕ್ಕೆ ಚಂಡೆಮದ್ದಳೆಗಳು ಸಾಲವು, ಸ್ವರವಾದ್ಯವೂ ಬೇಕು. ನಾವಡರು ಕಂಠದಿಂದ ಮಾಡಿದುದನ್ನೇ ಕಾರಂತರು ವಾದ್ಯದಿಂದ ಮಾಡಿದರೆನ್ನಬಹುದು. ಆದರೂ ಒಬ್ಬರ ಅಭಿಮಾನಿಗಳು ಇನ್ನೊಬ್ಬರನ್ನು ಒಪ್ಪದಿದ್ದುದು ಸೋಜಿಗ. ಒಂದು ಪ್ರಯೋಗವು ಡೇರೆಯದು, ಇನ್ನೊಂದು ವಿದ್ವಾಂಸನ ಸಭಾಭವನದ್ದು. ಜನರು ವಾದಿಸುತ್ತಿದ್ದುದು ಸ್ವರದ ಮೇಲೆ ಎಷ್ಟೋ, ಸ್ಥಳದ ಮೇಲೂ ಅಷ್ಟೆ.

ಇಂಥ ಜಗಳವು ನಮ್ಮ ಕರಾವಳಿಗೆ ಮಾತ್ರ ಸೇರಿದುದಲ್ಲ. ಬೆಳಗಾವಿಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರಗಂಧರ್ವರು ಕ್ಷಯರೋಗದಿಂದ ಕೆಲವು ವರ್ಷ ಹಾಡದೆ ಮಲಗಿ, ದೇವಾಸದಲ್ಲಿ ಮಾಳವದ ಜನಪದ ಗೀತಗಳನ್ನು ಕೇಳಿ, ಮತ್ತೆ ಹಾಡತೊಡಗಿದಾಗ ಬಾಲಪ್ರತಿಭೆಯ ಆ ಹಳೆಯ ಗಾಯನವನ್ನು ಬಯಸಿ ಬಂದವರಿಗೆ ಬೇರೊಂದು ದನಿ ಕೇಳಿಸಿತು. 1965ರಲ್ಲಿ ಅಮೆರಿಕದ ನ್ಯೂಪೋರ್ಟಿನ ಜಾನಪದೋತ್ಸವದಲ್ಲಿ ಬಾಬ್ ಡಿಲನ್ನನು ವಿದ್ಯುತ್ ಗಿಟಾರನ್ನು ಹಿಡಿದುದಕ್ಕೆ ಸಭಿಕರಲ್ಲಿ ಕೆಲವರು ಕೂಗಿ ಪ್ರತಿಭಟಿಸಿದುದೂ ಪ್ರಸಿದ್ಧವಾದ ಕಥೆ. ಅಭಿಮಾನಿಯು ಗಾಯಕನಲ್ಲಿ ತನ್ನ ಪ್ರಾಯದ ಒಂದು ಭಾಗವನ್ನು ಅಡವಿಟ್ಟಿರುತ್ತಾನೆ; ಗಾಯಕನು ಬದಲಾದರೆ ಅದು ಮುಳುಗಿಹೋಯಿತೆಂದು ಅವನಿಗೆ ತೋರುತ್ತದೆ.

ತೆಂಕುತಿಟ್ಟಿನಲ್ಲಿಯೂ ಈ ಇಬ್ಬಗೆಯನ್ನು ಕಾಣಬಹುದು. ದಾಮೋದರ ಮಂಡೆಚ್ಚರು ಕರ್ನಾಟಕ ಸಂಗೀತದ ಸಂಸ್ಕಾರವನ್ನು ಭಾಗವತಿಕೆಗೆ ತಂದರು. 2023ರಲ್ಲಿ ದಿವಂಗತರಾದ ಬಲಿಪ ನಾರಾಯಣ ಭಾಗವತರು ತಮ್ಮ ಮನೆತನದ ಹಳೆಯ ಶೈಲಿಯನ್ನು ಕಡೆತನಕ ಬಿಡಲಿಲ್ಲ. ಇಬ್ಬರಿಗೂ ಗೌರವವು ಸಂದಿತು. ಬಡಗಿನಲ್ಲಿ ನಾವಡರ ತರುವಾಯ ಇಂಪಿನ ದಾರಿಯನ್ನು ಬಹುಕಾಲ ಮುಂದುವರಿಸಿದವರಲ್ಲಿ, 2024ರ ಏಪ್ರಿಲಿನಲ್ಲಿ ಅಗಲಿದ ಸುಬ್ರಹ್ಮಣ್ಯ ಧಾರೇಶ್ವರರ ಹೆಸರನ್ನು ಹೇಳಲೇಬೇಕು. ಪೆರ್ಡೂರು ಮೇಳದಲ್ಲಿ ಹಲವು ವರ್ಷ ಹಾಡಿದ ಅವರ ಕುರಿತೂ ಇದೇ ಹೊಗಳಿಕೆ, ಇದೇ ದೂರು.

ಸಾಹಿತ್ಯದ ಅಧ್ಯಾಪಕರು ಲಕ್ಷ್ಯವಿಡಬೇಕಾದ ಅಂಶವು ಇನ್ನೊಂದಿದೆ. ರಾಗದ ರುಚಿಯು ಬದಲಾದಂತೆ ಪದ್ಯದ ರಚನೆಯೂ ಬದಲಾಯಿತು. ನಾವಡರೇ ಪ್ರಸಂಗಕರ್ತರಾಗಿದ್ದರು, ಅವರ ‘ನಾಗಶ್ರೀ’ಯು ಡೇರೆಯ ಪ್ರೇಕ್ಷಕರನ್ನು ಸೂರೆಗೊಂಡಿತು. ಹಾಡುವವನೇ ಕಟ್ಟಿದಾಗ ಪದ್ಯವು ಧಾಟಿಯನ್ನು ಅನುಸರಿಸಿ ಹುಟ್ಟುತ್ತದೆ. ಮೊದಲು ಮಟ್ಟು, ಮಟ್ಟಿಗೆ ತಕ್ಕ ಮಾತು, ಮಾತಿಗೆ ತಕ್ಕ ರಾಗವೆಂಬ ಕ್ರಮವಿದ್ದುದು, ಮೊದಲು ರಾಗ, ಅದಕ್ಕೆ ತಕ್ಕ ಮಾತು ಎಂದಾಯಿತು. ಹೊಸ ಪ್ರಸಂಗಗಳ ಎಷ್ಟೋ ಪದ್ಯಗಳಲ್ಲಿ ಹಳೆಯ ಮಟ್ಟುಗಳ ವೈವಿಧ್ಯವು ಕುಗ್ಗಿ, ಗೀತದ ಪಲ್ಲವಿಯ ರೂಪವು ಮೇಲುಗೈಯಾಗಿರುವುದಕ್ಕೆ ಇದೇ ಹೇತು. ಧ್ವನಿಸುರುಳಿಯು ಈ ಒಲವನ್ನು ಬಲಪಡಿಸಿತು. ಸುರುಳಿಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥದಿಂದ ಬೇರ್ಪಟ್ಟ ಪದ್ಯವೊಂದೇ ನಿಲ್ಲಬೇಕು. ಹಾಗೆ ಕೇಳಿದವನು ಆಟಕ್ಕೆ ಬಂದು ಸುರುಳಿಯಲ್ಲಿದ್ದಂತೆಯೇ ಹಾಡಬೇಕೆಂದು ಬಯಸುತ್ತಾನೆ. ರಂಗದ ಮೇಲೆ ಕಾಣಿಸಿದ ಮಾರ್ಪಾಡಿನಲ್ಲಿ ಭಾಗವತನ ಪಾಲು ಎಷ್ಟು, ಆ ಬೇಡಿಕೆಯ ಪಾಲು ಎಷ್ಟು ಎಂಬುದನ್ನು ತೂಗದೆ ಒಬ್ಬನ ಮೇಲೆಯೇ ತಪ್ಪನ್ನು ಹೊರಿಸಲಾಗದು.

ಆದಕಾರಣ ಒಂದು ಪದ್ಯದ ಹೊಸ ಹಾಡಿಕೆಯನ್ನು ಪರೀಕ್ಷಿಸುವವರು ‘ಈ ರಾಗ ಯಕ್ಷಗಾನದ್ದೇ’ ಎಂದು ಮೊದಲು ಕೇಳುವುದಕ್ಕಿಂತ, ಗಣದ ಸಂಧಿಯು ಕೇಳಿಸುತ್ತಿದೆಯೆ, ಆ ತಾಳಕ್ಕೆ ವೇಷವು ಹೆಜ್ಜೆಯಿಡಬಲ್ಲುದೆ ಎಂದು ಕೇಳುವುದು ಲೇಸು. ಈ ಪರೀಕ್ಷೆಯಲ್ಲಿ ನಾವಡರ ಹಾಡಿಕೆಯಲ್ಲಿ ಗೆಲ್ಲುವವೂ ಉಂಟು, ಸೋಲುವವೂ ಉಂಟು. ಹಳಬರೆನಿಸಿದವರ ಹಾಡಿಕೆಯಲ್ಲಿಯೂ ಹಾಗೆಯೇ. ನಾರ್ಣಪ್ಪ ಉಪ್ಪೂರರು ಹಂಗಾರಕಟ್ಟೆಯ ಕಲಾಕೇಂದ್ರದಲ್ಲಿ ಗುರುಗಳಾಗಿದ್ದು ಭಾಗವತಿಕೆಯನ್ನು ಕಲಿಸಿದರು. 1971ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ ಯಕ್ಷಗಾನ ಕೇಂದ್ರದಲ್ಲಿಯೂ ಗುರುಮುಖದಿಂದ ಪಾಠವು ನಡೆಯಿತು. ಭಾಗವತಿಕೆಯ ಪಾಠವು ತಾಳದಿಂದ ಮೊದಲಾಗುತ್ತದೆ: ವಿದ್ಯಾರ್ಥಿಯು ಕೈಯಲ್ಲಿ ಪೆಟ್ಟುಗಳನ್ನು ಎಣಿಸಿ, ಬಾಯಲ್ಲಿ ಪದ್ಯವನ್ನು ಒಡೆದು ಹೇಳಿ, ಅನಂತರವೇ ರಾಗಕ್ಕೆ ಹೋಗತಕ್ಕದ್ದು. ಅಚ್ಚಿನ ಪ್ರಸಂಗಗಳಲ್ಲಿ ಧಾಟಿಯನ್ನು ಕಳೆದುಕೊಂಡ ರಾಗದ ಹೆಸರೂ, ಇನ್ನೂ ಕೈತಾಳದಲ್ಲಿ ಜೀವಂತವಾಗಿರುವ ತಾಳದ ಹೆಸರೂ ಪದ್ಯದ ನೆತ್ತಿಯ ಮೇಲೆ ಒಂದೇ ಸಾಲಿನಲ್ಲಿ ಅಚ್ಚಾಗುತ್ತಿವೆ.