‘ದ ಶೇಕ್ಸ್’: ನಡುಕದ ಅರ್ಥ ಮತ್ತು ಪ್ರಯೋಗ

ಇಂಗ್ಲಿಷಿನ ಆಡುಮಾತಿನಲ್ಲಿ ‘ದ ಶೇಕ್ಸ್’ ಎಂಬುದು ಹತೋಟಿಗೆ ಸಿಗದ ಮೈನಡುಕವನ್ನು ಸೂಚಿಸುತ್ತದೆ. 19ನೆಯ ಶತಮಾನದ ಅಮೆರಿಕದಲ್ಲಿ ಅದು ಮಲೇರಿಯಾದ ಚಳಿಜ್ವರಕ್ಕೆ ರೂಢಿಯ ಹೆಸರಾಗಿತ್ತು. ಇಂದು ಮದ್ಯ ಬಿಟ್ಟವರ ಕೈನಡುಕಕ್ಕೂ ಭಯದ ನಡುಕಕ್ಕೂ ಸಲ್ಲುತ್ತದೆ.

ಈ ಅರ್ಥವು ಕೇವಲ ಧಾತುವಿನಲ್ಲಿ ಇಲ್ಲ. ‘ಎ ಶೇಕ್’ ಎಂದರೆ ಒಂದು ಅಲುಗಾಟ ಅಥವಾ ಹಾಲಿನ ಪಾನೀಯ. ನಿಶ್ಚಯಾರ್ಥಕ ಉಪಪದವೂ ಬಹುವಚನ ಪ್ರತ್ಯಯವೂ ಕೂಡಿದಾಗ ಅದು ಒಂದು ಅವಸ್ಥೆಯ ಹೆಸರಾಗುತ್ತದೆ. ‘ದ ಜಿಟರ್ಸ್’, ‘ದ ಕ್ರೀಪ್ಸ್’ ಇದೇ ರಚನೆಯವು. ರೂಪ ಬಹುವಚನವಾದರೂ ಎಣಿಕೆಗೆ ಒಗ್ಗದು: ‘ತ್ರೀ ಶೇಕ್ಸ್’ ಎಂದೊಡನೆ ನಡುಕದ ಅರ್ಥ ಮರೆಯಾಗುತ್ತದೆ.

ಕನ್ನಡದ ‘ಅವನಿಗೆ ನಡುಕ ಬಂತು’ ಎಂಬಲ್ಲಿ ಅನುಭವಿಯು ಚತುರ್ಥಿಯಲ್ಲಿದ್ದು ನಡುಕವೇ ಕರ್ತೃವಾಗಿದೆ. ‘ಹಿ ಹ್ಯಾಸ್ ದ ಶೇಕ್ಸ್’ ಎಂಬಲ್ಲಿ ಅನುಭವಿಯೇ ಕರ್ತೃ, ನಡುಕ ಕರ್ಮ. ವಾಕ್ಯರಚನೆ ಹೀಗೆ ತಿರುಗಿದರೂ ಎರಡೂ ಭಾಷೆಗಳು ಇಲ್ಲಿ ನಡುಕವನ್ನು ವ್ಯಕ್ತಿ ಮಾಡುವ ಕ್ರಿಯೆಯಾಗಿ ಅಲ್ಲ, ಅವನಿಗೆ ಒದಗುವ ಸ್ಥಿತಿಯಾಗಿ ಕಾಣುತ್ತವೆ.

ಆದುದರಿಂದ ದ್ವಿಭಾಷಾ ನಿಘಂಟು ‘ಶೇಕ್’ ಧಾತುವಿನಡಿ ಇದನ್ನು ಅಡಗಿಸದೆ ‘ದ ಶೇಕ್ಸ್’ ಎಂದೇ ಪ್ರತ್ಯೇಕವಾಗಿ ನಮೂದಿಸಬೇಕು. ‘ಕಂಪನ’ವು ವೈದ್ಯಕೀಯದ ‘ಟ್ರೆಮರ್’ಗೆ ತಕ್ಕುದು, ಆಡುಮಾತಿನ ಈ ಪದಕ್ಕೆ ‘ನಡುಕ’ವೇ ಸರಿ.