ಹುಲ್ಲು ಕೊಯ್ಯುವ ವಾರ

ಮೇ ತಿಂಗಳ ಕೊನೆ ಬಂದಿತೆಂದರೆ ಐರ್ಲೆಂಡಿನ ದನಗಾರ ರೈತನ ಕಣ್ಣು ಆಕಾಶದ ಮೇಲೆಯೇ. ಗದ್ದೆಯಲ್ಲಿ ಹುಲ್ಲು ಸೊಂಪಾಗಿ ನಿಂತಿದೆ, ತೆನೆ ಇನ್ನೂ ಪೂರ್ತಿ ಹೊರಟಿಲ್ಲ. ಈಗಲೇ ಕೊಯ್ಯಬೇಕೇ? ಇನ್ನೂ ಕೆಲವು ವಾರ ಕಾದು ಹೆಚ್ಚು ಹುಲ್ಲು ಪಡೆಯಬೇಕೇ? ಚಳಿಗಾಲದಲ್ಲಿ ಮಾಂಸದ ಹೋರಿಗಳು ಎಷ್ಟು ಮೈತುಂಬಿಕೊಳ್ಳುತ್ತವೆಂಬುದು ಈ ತೀರ್ಮಾನದ ಮೇಲೆ ನಿಂತಿದೆ.

ಆ ನಾಡಿನಲ್ಲಿ ಚಳಿಗಾಲದ ಕೆಲವು ತಿಂಗಳು ಹುಲ್ಲು ಬೆಳೆಯುವುದು ಬಹುತೇಕ ನಿಲ್ಲುತ್ತದೆ, ದನಗಳು ಕೊಟ್ಟಿಗೆ ಸೇರುತ್ತವೆ. ಹಿಂದೆ ಅವುಗಳಿಗೆ ಒಣಹುಲ್ಲೇ ಆಧಾರವಾಗಿತ್ತು. ಆದರೆ ಬೇಸಿಗೆಯಲ್ಲೂ ಮಳೆ ಬಿಡದ ಊರಿನಲ್ಲಿ ಹುಲ್ಲು ಒಣಗಿಸುವುದೆಂದರೆ ಸಾಹಸವೇ ಸರಿ. ಆದುದರಿಂದ 1970ರ ದಶಕದಿಂದೀಚೆಗೆ ಅದರ ಸ್ಥಾನವನ್ನು ಬಹುಮಟ್ಟಿಗೆ ರಸಮೇವು, ಅಂದರೆ ಸೈಲೇಜ್, ಪಡೆಯಿತು. ನಮ್ಮ ಹೈನುಗಾರರು ಜೋಳದ ದಂಟಿನಿಂದ ಮಾಡುವುದನ್ನೇ ಅವರು ಹುಲ್ಲಿನಿಂದ ಮಾಡುತ್ತಾರೆ.

ಕೊಯ್ದ ಹುಲ್ಲನ್ನು ಸುಮಾರು ಒಂದು ದಿನ ಬಾಡಿಸಿ, ಕತ್ತರಿಸಿ, ಕಾಂಕ್ರೀಟ್ ಕಣದಲ್ಲಿ ರಾಶಿ ಹಾಕುತ್ತಾರೆ. ಒಳಗಿನ ಗಾಳಿ ಹೊರಹೋಗುವಂತೆ ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿ, ಕಪ್ಪು ಪ್ಲಾಸ್ಟಿಕ್ ಹೊದಿಸಿ, ಹಳೆಯ ಟಯರುಗಳನ್ನು ಹೇರುತ್ತಾರೆ. ಭರಣಿಯ ಮಾವಿನಮಿಡಿಯ ಮೇಲೆ ಕಲ್ಲು ಇಡುವ ನಮ್ಮ ಮನೆಯೊಡತಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಯಿಲ್ಲದೆಡೆ ಬ್ಯಾಕ್ಟೀರಿಯಾಗಳು ಹುಲ್ಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಮೊಸರಿನ ಹುಳಿಯೂ ಅದೇ. ಪಿಎಚ್ ಅಂಕ ಸುಮಾರು 4ಕ್ಕೆ ಇಳಿದರೆ ಮೇವು ಕೊಳೆಯದು. ಹಸಿಮೇವಿಗೆ ಆಮ್ಲ ಬೆರೆಸಿ ಕಾಪಾಡುವ ವಿಧಾನವನ್ನು ಕಂಡುಹಿಡಿದ ಫಿನ್ಲೆಂಡಿನ ವಿರ್ಟನೆನ್ ಅವರಿಗೆ 1945ರಲ್ಲಿ ನೊಬೆಲ್ ಪಾರಿತೋಷಕವೇ ದೊರೆಯಿತು.

ಆದರೆ ಎಷ್ಟೇ ಜತನದಿಂದ ಮುಚ್ಚಿಟ್ಟರೂ ಬಲಿತ ಹುಲ್ಲು ಎಳೆಯದಾಗದು. ತೆನೆ ಬಿಟ್ಟ ಮೇಲೆ ದಂಟು ನಾರಾಗುತ್ತದೆ, ಜೀರ್ಣವಾಗುವ ಅಂಶ ವಾರಕ್ಕೆ ಎರಡು ಮೂರು ಶೇಕಡಾದಂತೆ ಕುಸಿಯುತ್ತದೆ. ಶೇಕಡಾ 75ರಷ್ಟು ಜೀರ್ಣವಾಗುವ ರಸಮೇವನ್ನು ಮಾತ್ರ ತಿಂದ ಹೋರಿ ದಿನಕ್ಕೆ ಸುಮಾರು 800 ಗ್ರಾಂ ತೂಕ ಗಳಿಸುತ್ತದೆ. ಅದು ಶೇಕಡಾ 60ಕ್ಕೆ ಇಳಿದರೆ ಗಳಿಕೆ ಸುಮಾರು 300 ಗ್ರಾಂ ಮಾತ್ರ. ಅಂಥ ಮೇವನ್ನು ಹೋರಿ ಕಡಿಮೆ ತಿನ್ನುವುದೂ ಇದಕ್ಕೆ ಕಾರಣ. ಒಳ್ಳೆಯ ರಸಮೇವಿದ್ದರೂ ಮಾರುವ ಮುಂಚಿನ ತಿಂಗಳುಗಳಲ್ಲಿ ಬಾರ್ಲಿಯಂಥ ಧಾನ್ಯ ಬೇಕು. ಮೇವು ಕಳಪೆಯಾದರೆ ಆ ಖರ್ಚು ಇನ್ನಷ್ಟು ಬೆಳೆಯುತ್ತದೆ. ಪ್ರಮಾಣ ಬೇರೆ, ಗುಣ ಬೇರೆ ಎಂದು ಗುರುಮಠದಲ್ಲಿ ಅರಿಸ್ಟಾಟಲನ ತತ್ತ್ವಶಾಸ್ತ್ರ ಓದುವಾಗ ಬಾಯಿಪಾಠ ಮಾಡಿದ್ದೆ. ಹೋರಿಗೆ ಆ ಪಾಠ ಹೊಟ್ಟೆಯಿಂದಲೇ ತಿಳಿದಿದೆ.

ಹಾಗೆಂದು ಕಾಯುವ ರೈತನನ್ನು ದುರಾಸೆಯವನೆನ್ನಲು ನನಗೆ ಮನಸ್ಸಿಲ್ಲ. 2012ರ ಬೇಸಿಗೆ ಮಳೆಯಲ್ಲೇ ಕಳೆಯಿತು, 2013ರ ವಸಂತದಲ್ಲಿ ಚಳಿಯಿಂದ ಹುಲ್ಲು ಚಿಗುರಲಿಲ್ಲ. ಮೇವಿನ ರಾಶಿಗಳು ಬರಿದಾದವು. ಹುಲ್ಲಿನ ನಾಡಿಗೆ ಬ್ರಿಟನ್ನಿನಿಂದಲೂ ಫ್ರಾನ್ಸಿನಿಂದಲೂ ಒಣಹುಲ್ಲನ್ನು ತರಿಸಬೇಕಾಯಿತು. ಹಸಿದ ದನಗಳ ಕೂಗನ್ನು ಒಮ್ಮೆ ಕೇಳಿದವನಿಗೆ ದೊಡ್ಡ ರಾಶಿಯೇ ಧೈರ್ಯ. ಇತ್ತ ಮಳೆಯಲ್ಲೇ ಆತುರದಿಂದ ಕೊಯ್ದರೂ ಕಷ್ಟವಿದೆ. ಒದ್ದೆ ರಾಶಿಯಿಂದ ಸೋರುವ ರಸ ಚರಂಡಿಯ ಹೊಲಸಿಗಿಂತ ಸುಮಾರು 200 ಪಟ್ಟು ಹೆಚ್ಚಾಗಿ ನೀರಿನ ಆಮ್ಲಜನಕವನ್ನು ಹೀರಬಲ್ಲದು. ಹಳ್ಳ ಸೇರಿದರೆ ಮೀನುಗಳು ಸಾಯುತ್ತವೆ. ಅದನ್ನು ಹಿಡಿದಿಡಲು ತೊಟ್ಟಿ ಕಟ್ಟಲೇಬೇಕು.

ಅನುಭವಸ್ಥರು ಗದ್ದೆಗಳನ್ನೇ ಹಂಚಿಕೊಳ್ಳುತ್ತಾರೆ. ಕೆಲವನ್ನು ಮೇ ತಿಂಗಳಲ್ಲೇ ಕೊಯ್ದು, ಆ ಮೇವನ್ನು ಮೈತುಂಬಬೇಕಾದ ಹೋರಿಗಳಿಗೆಂದು ಬೇರೆಯಾಗಿಯೇ ಇಡುತ್ತಾರೆ. ಉಳಿದವು ಬಲಿಯಲಿ ಎಂದು ಬಿಡುತ್ತಾರೆ. ಆ ಒರಟು ಮೇವು ಹಾಲು ಬತ್ತಿದ ಗಬ್ಬದ ಹಸುಗಳಿಗೆ ಸಾಕು. ಅವು ಆ ಕಾಲದಲ್ಲಿ ಕೊಬ್ಬಬಾರದು ಕೂಡ.